ಅಪ್‌ಡೇಟ್: ದುಬಾರಿ ನೋಟ್‌ಬುಕ್‌ಗಳು ಕೊನೆಗೂ ಮಾರಾಟವಾಗುತ್ತಿವೆ

ನಮ್ಮ ಮನೆಯವರೇ ನಡೆಸುವ ಸ್ಟೇಷನರಿ, ಗಿಫ್ಟ್ ಅಂಗಡಿಯಲ್ಲಿ ದುಬಾರಿ ನೋಟ್‌ಬುಕ್‌ಗಳು ಹಾಗೇ ಉಳಿಯುತ್ತಿವೆ, ಏನು ಮಾಡೋದು ಅಂತ ಕೇಳಿದ್ದೆ. ಒಂದನ್ನು ಬಿಚ್ಚಿ, ಬರೆದು ನೋಡೋಕೆ ಇಡಿ ಎಂದವರಿಗೆ ಥ್ಯಾಂಕ್ಸ್.

ಕೌಂಟರ್ ಮೇಲೆ 60 ಮತ್ತು 100 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ; ಹೆಚ್ಚಿದ್ದರೆ ಸಾಮಾನ್ಯವಾಗಿ ಹಾಳೆ ದಪ್ಪ) ಹಾಳೆಯ ಎರಡು ಪುಸ್ತಕ, ಪಕ್ಕದಲ್ಲಿ ಒಂದು ಇಂಕ್ ಪೆನ್ ಇಟ್ಟೆವು. ತೆಳು ಹಾಳೆಯ ಹಿಂಬದಿಗೆ ಶಾಯಿ ಇಳಿಯೋದು ಕಣ್ಣಿಗೇ ಕಂಡ ಮೇಲೆ ಚೌಕಾಸಿ ಕಡಿಮೆಯಾಗಿದೆ. ದಪ್ಪ ಒಂದೇ ಅಲ್ಲ, ಶಾಯಿ ಹರಡದಂತೆ ಹಾಳೆಗೆ ಕೊಡುವ ಲೇಪವೂ ಮುಖ್ಯ. ಇದನ್ನು ಅಪ್ಪ ಬಂದವರಿಗೆಲ್ಲ ಪಾಠ ಮಾಡುತ್ತಾರೆ, ಕೇಳದಿದ್ದರೂ!

ಗ್ರೀಟಿಂಗ್ ಕಾರ್ಡ್‌ಗಳನ್ನು ಬಿಸಿಲು ಬೀಳುವ ಶೋಕೇಸ್‌ನಿಂದ ತೆಗೆದೆವು, ಬಣ್ಣ ಮಾಸುತ್ತಿತ್ತು. ಫೋಟೋ ಫ್ರೇಮ್‌ಗಳು ಮಾತ್ರ ಅಲ್ಲಾಡಿಲ್ಲ. ಇನ್ನು ತರಿಸೋದು ಬೇಡ ಅಂತ ನಾನು, ಇರಲಿ ಅಂತ ಅಮ್ಮ. ಸದ್ಯಕ್ಕೆ ಅಮ್ಮನದೇ ಮೇಲುಗೈ.