ಬೇಳೆ ಮಿಲ್ಲಿನಲ್ಲಿ ಬೆರಳು ಹೋಯಿತು, ಪರಿಹಾರ ಯಾರು ಕೊಡಬೇಕು?

ಪ್ರಶ್ನೆ (ಕಲಬುರಗಿ):
ನಮಸ್ಕಾರ ಸರ್. ನಮ್ಮಣ್ಣ ಇಲ್ಲಿ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ವಯಸ್ಸು 30. ತಿಂಗಳಿಗೆ 12,000, ಕೈಗೇ ದುಡ್ಡು. 2025ರ ಆಗಸ್ಟ್‌ನಲ್ಲಿ ಎಲಿವೇಟರ್ ಬೆಲ್ಟಿನಲ್ಲಿ ಸಿಕ್ಕಿಕೊಂಡ ಗೋಣಿ ಬಿಡಿಸಲು ಹೋಗಿ ಬಲಗೈಯ ಎರಡು ಬೆರಳು ಬುಡದ ತನಕ ಹೋದವು. ಪುಲ್ಲಿ ಮೇಲಿನ ಜಾಲಿಯನ್ನು ಮಾಲಕರೇ ಯಾವಾಗಲೋ ಬಿಚ್ಚಿಸಿ ಇಟ್ಟಿದ್ದರು. ಆಸ್ಪತ್ರೆ ಬಿಲ್ ಅರ್ಧ ಕಟ್ಟಿದರು. ಮೇಲೆ 40,000 ಕೊಟ್ಟು ಬಾಂಡ್ ಪೇಪರಿಗೆ ಸಹಿ ಹಾಕಿಸಿಕೊಂಡರು. ಈಗ ಕೇಳಿದರೆ "ಮಷಿನ್ ಬಂದ್ ಮಾಡದೆ ಕೈ ಹಾಕಿದ್ದು ನಿನ್ನ ತಪ್ಪು, ನೀನು ಗುತ್ತೇದಾರನ ಆಳು" ಅಂತಾರೆ. ಮಿಲ್ಲಿನಲ್ಲಿ ಇರುವುದೇ 7 ಜನ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. ಇನ್ನೇನೂ ಬರಲ್ವಾ ಸರ್?

ಉತ್ತರ (ವಕೀಲರು):
ಬರುತ್ತದೆ. ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿದ್ದು 2025ರ ನವೆಂಬರ್ 21ಕ್ಕೆ. ಅಪಘಾತ ಅದಕ್ಕಿಂತ ಮೊದಲು ಆಗಿದ್ದರಿಂದ 1923ರ ನೌಕರರ ಪರಿಹಾರ ಕಾಯ್ದೆ ಹಿಡಿದೇ ಹೋಗೋಣ.

ಅಣ್ಣನ ತಪ್ಪು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕುಡಿದಿದ್ದರೆ, ಇಲ್ಲವೇ ಬೇಕಂತಲೇ ಸುರಕ್ಷತೆಯ ಆದೇಶ ಮೀರಿದ್ದರೆ, ಜಾಲಿ ಕಿತ್ತಿದ್ದರೆ ಮಾತ್ರ ಮಾಲಕರು ಆ ಮಾತು ಎತ್ತಬಹುದು. ಅವಸರದಲ್ಲಿ ಕೈ ಹೋಗಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಜಾಲಿ ಬಿಚ್ಚಿಸಿದವರೇ ಈ ಮಾತಾಡುತ್ತಿದ್ದಾರೆ ನೋಡಿ! ಗುತ್ತೇದಾರನ ಆಳಾದರೂ ಮಿಲ್ಲಿನ ಮಾಲಕರೇ ಕೊಡಬೇಕು. ಆಮೇಲೆ ಗುತ್ತೇದಾರನಿಂದ ವಸೂಲಿ ಮಾಡಿಕೊಳ್ಳುವುದು ಅವರ ತಲೆನೋವು.

ಲೆಕ್ಕ ಹೀಗೆ. ಸಂಬಳದ ಶೇ. 60 ಅಂದರೆ 7,200. 30 ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಸಂಖ್ಯೆ 207.98. ಗುಣಿಸಿದರೆ 14,97,456. ಒಂದೇ ಕೈಯ ಎರಡು ಬೆರಳು ಹೋದರೆ ದುಡಿಮೆಯ ಶಕ್ತಿ ಶೇ. 20 ಕಡಿಮೆ ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಸುಮಾರು 2,99,491 ರೂಪಾಯಿ. ಆಸ್ಪತ್ರೆಗೆ ನೀವು ಕಟ್ಟಿದ ಖರ್ಚು ಬೇರೆ. ಪರಿಹಾರ ಬಾಕಿಯಾಗಿ ಒಂದು ತಿಂಗಳು ದಾಟಿದ್ದಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದರೆ ಶೇ. 50ರ ತನಕ ದಂಡವೂ ಬೀಳಬಹುದು.

ಬಾಂಡಿಗೆ ಹೆದರಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಬರೆಸಿಕೊಂಡರೆ ಅದಕ್ಕೆ ಬೆಲೆ ಇಲ್ಲ. ಪರಿಹಾರದ ಒಪ್ಪಂದ ಮಾಡಿಕೊಂಡರೆ, ಈ ಕಾಯ್ದೆಯಡಿ ಪರಿಹಾರ ತೀರ್ಮಾನಿಸುವ ಆಯುಕ್ತರ ಮುಂದೆ ನೋಂದಾಯಿಸಬೇಕು. ಹಾಗೆ ಮಾಡಿಲ್ಲದಿದ್ದರೆ, ಆಯುಕ್ತರು ಬೇರೆ ಹೇಳದ ಹೊರತು, ಆ 40,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆಯುವಂತಿಲ್ಲ.

ನಮ್ಮ ರಾಜ್ಯದಲ್ಲಿ ಆಯುಕ್ತರ ಈ ಕೆಲಸವನ್ನು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟ್ ಮಾಡುತ್ತದೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಅಂದರೆ 2027ರ ಆಗಸ್ಟ್ ಒಳಗೆ. ಸುಮ್ನೆ ಕಾಯಬೇಡಿ.

ಅದೇ ಪ್ರಶ್ನೆ ಕೇಳಿದವರು:
ಸರ್, ಹಾಜರಿ ಪುಸ್ತಕದಲ್ಲಿ ಅಣ್ಣನ ಹೆಸರೇ ಇಲ್ಲ. ನಮ್ಮೂರು ಆಳಂದ ಕಡೆ, ಕಲಬುರಗಿಗೇ ಬರಬೇಕಾ?

ಉತ್ತರ:
ನೀವು ಇರುವ ಕಡೆಯ ಕೋರ್ಟಿನಲ್ಲೂ ಹಾಕಬಹುದು. ಹೆಸರಿಲ್ಲದಿದ್ದರೆ ಬೇರೆ ಸಾಕ್ಷಿ ಹಿಡಿಯಿರಿ. ದಾಖಲಾದ ದಿನ ಆಸ್ಪತ್ರೆಯವರು ಬರೆದುಕೊಂಡ ಎಂಎಲ್‌ಸಿ (ಗಾಯ ಹೇಗಾಯಿತು ಎಂದು ಬರೆಯುವ ಕಾನೂನು ದಾಖಲೆ) ನಕಲು ತೆಗೆಸಿ. "ಮಿಲ್ಲಿನ ಬೆಲ್ಟಿಗೆ ಸಿಕ್ಕಿ" ಎಂದು ಅದರಲ್ಲಿದ್ದರೆ ಅರ್ಧ ಕೇಸ್ ಗೆದ್ದಂತೆ. ಜೊತೆ ಕೆಲಸ ಮಾಡಿದವರ ಹೇಳಿಕೆ, ಮಿಲ್ಲಿನೊಳಗಿನ ಫೋಟೋ, ಗುತ್ತೇದಾರನ ವಾಟ್ಸಾಪ್ ಮೆಸೇಜ್ ಎಲ್ಲ ಉಳಿಸಿಕೊಳ್ಳಿ. ಅವರು ಸಹಿ ಹಾಕಿಸಿಕೊಂಡ ಬಾಂಡಿನ ನಕಲು ಸಿಕ್ಕರಂತೂ ಒಳ್ಳೆಯದು. ಆಳೇ ಅಲ್ಲದವನಿಗೆ 40,000 ಯಾಕೆ ಕೊಟ್ಟರು ಅಂತ ಕೇಳಬಹುದಲ್ವಾ?

ಇನ್ನೊಬ್ಬರು (ಬೀದರ್):
ನಾನು ಬೇಕರಿಯಲ್ಲಿದ್ದೇನೆ. ಕಳೆದ ವಾರ ಹಿಟ್ಟು ನಾದುವ ಮಷಿನ್‌ನಲ್ಲಿ ಮಣಿಕಟ್ಟು ಮುರಿಯಿತು. ಪುಸ್ತಕದಲ್ಲಿ 8 ಜನ, ನಿಜವಾಗಿ 13 ಜನ. ಸಂಬಳ 14,000.

ಉತ್ತರ:
ನಿಮ್ಮದು ಇಎಸ್‌ಐ ದಾರಿ. ಪುಸ್ತಕದಲ್ಲಿ ಎಷ್ಟಿದ್ದರೇನು, ನಿಜವಾಗಿ 10 ಅಥವಾ ಜಾಸ್ತಿ ಜನ ಇದ್ದು, ಸಂಬಳ 21,000 ದಾಟದಿದ್ದರೆ ಅನ್ವಯಿಸುತ್ತದೆ. ಮಾಲಕರು ನೋಂದಣಿ ಮಾಡಿಸದಿದ್ದರೆ ಅದು ನಿಮ್ಮ ತಪ್ಪಲ್ಲ, ಇಎಸ್‌ಐನವರು ಅವರಿಂದ ವಸೂಲಿ ಮಾಡುತ್ತಾರೆ. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತೂ ಇಲ್ಲ. ವಾಸಿಯಾಗುವ ತನಕ ಸಂಬಳದ ಶೇ. 90 ಸಿಗುತ್ತದೆ. ಕೈ ಪೂರ್ತಿ ಸರಿಹೋಗದೆ ಉಳಿದರೆ ವೈದ್ಯಕೀಯ ಮಂಡಳಿ ಎಷ್ಟು ಭಾಗ ನಷ್ಟ ಎಂದು ಹೇಳುತ್ತದೆ, ಅದರ ಮೇಲೆ ಜೀವನಪೂರ್ತಿ ತಿಂಗಳ ಹಣ. ಇಎಸ್‌ಐ ಬಂದರೆ ಮೇಲೆ ಹೇಳಿದ ಪರಿಹಾರ ಕಾಯ್ದೆಯಲ್ಲಿ ಮತ್ತೆ ಕೇಳಲಾಗದು. ಮೊದಲು ಬೇಕರಿಯವರಿಗೆ ಅಪಘಾತದ ವಿಷಯ ಬರಹದಲ್ಲಿ ಕೊಡಿ, ವಾಟ್ಸಾಪ್ ಆದರೂ ಪರವಾಗಿಲ್ಲ, ಇವತ್ತೇ.