ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತಿದ್ದಾರೆ, ಮಂಡ್ಯದಿಂದ ಓಡಾಡಲೋ, ಕೆಲಸ ಬಿಡಲೋ?

ಕೇಳಿದ್ದು: ವಿದ್ಯಾನಗರ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಬೆಂಗಳೂರಿನ ಕುಂದಲಹಳ್ಳಿ ಹತ್ತಿರದ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮಂಡ್ಯಕ್ಕೆ ಬಂದವಳು ಇಲ್ಲೇ ಉಳಿದೆ. ಮಗಳು ಈಗ ಎಲ್‌ಕೆಜಿ. ಅತ್ತೆಗೆ ಮಂಡಿನೋವು, ಶುಗರ್ ಎರಡೂ ಇದೆ. ಗಂಡನ ಕೆಲಸ ಇಲ್ಲೇ ಊರಲ್ಲಿ. ಮುಂದಿನ ತಿಂಗಳಿಂದ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಎಂದು ಮೇಲ್ ಬಂದಿದೆ. ಇನ್ನೊಂದು ಚಿಕ್ಕ ಕಂಪನಿ ಪೂರ್ತಿ ಮನೆಯಿಂದಲೇ ಮಾಡಿ ಅನ್ನುತ್ತಿದೆ, ಆದರೆ ಸಂಬಳ ಐದನೇ ಒಂದು ಭಾಗ ಕಡಿಮೆ. ಒಂದು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಈ ದಾರಿಯಲ್ಲಿ ಓಡಾಡಿದವರು, ಮನೆಯಲ್ಲೇ ಉಳಿದವರು, ನಿಮಗೆ ಆದದ್ದನ್ನು ಹೇಳಿ.

ಸರಸ್ವತಿಪುರಂ, ಮೈಸೂರು

ನಾನು ಎಲ್ಲವನ್ನೂ ಮಾಡಿ ನೋಡಿದ್ದೇನೆ. ಮೂರು ವರ್ಷ ಪೂರ್ತಿ ಮನೆಯಿಂದ. ಆಮೇಲೆ ಒಂದು ವರ್ಷ ವಾರಕ್ಕೆ ಮೂರು ದಿನ. ಈಗ ವಾರಕ್ಕೆ ಎರಡು ದಿನ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಎರಡು ದಿನ ಮೈ ತಡೆಯುತ್ತೆ, ಮೂರು ದಿನ ತಡೆಯಲ್ಲ. ಒಂದೇ ದಿನ ತಾನೇ ಹೆಚ್ಚು ಅಂತ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು.

ನಮ್ಮಲ್ಲಿ ಮಂಗಳವಾರ, ಬುಧವಾರ, ಗುರುವಾರ ಅಂತ ಅವರೇ ಗೊತ್ತು ಮಾಡಿದ್ದರು. ಬೆಳಗ್ಗೆ ಐದಕ್ಕೆ ಏಳಬೇಕು. ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯಬೇಕು. ಸಂಜೆ ಅದೇ ಗಾಡಿಯಲ್ಲಿ ವಾಪಸ್ ಬಂದು ಮನೆ ಸೇರುವಾಗ ಒಂಬತ್ತು ದಾಟಿರುತ್ತದೆ. ಮೊದಲ ದಿನ ಏನೂ ಅನಿಸುವುದಿಲ್ಲ. ಎರಡನೇ ದಿನ ಕಾಲು ಭಾರ. ಮೂರನೇ ದಿನ ರಾತ್ರಿ ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಶುಕ್ರವಾರ ಮನೆಯಲ್ಲಿ ಕೂತು ಬರೆದ ಬಗ್ ರಿಪೋರ್ಟುಗಳನ್ನು ಸೋಮವಾರ ನಾನೇ ತಿದ್ದುತ್ತಿದ್ದೆ, ಅಷ್ಟು ತಪ್ಪು. ಶನಿವಾರ ಬಟ್ಟೆ ರಾಶಿ, ಭಾನುವಾರ ನಿದ್ದೆ. ಆ ವರ್ಷ ಮಗನ ಸ್ಕೂಲ್ ಡೇ ಬಿಟ್ಟರೆ ನನಗೆ ಬೇರೇನೂ ನೆನಪಿಲ್ಲ.

ಈಗ ಮಂಗಳವಾರ ಮತ್ತು ಗುರುವಾರ ಮಾತ್ರ. ನಡುವೆ ಬುಧವಾರ ಮನೆಯಲ್ಲಿ ಏಳು ಗಂಟೆವರೆಗೆ ಮಲಗುತ್ತೇನೆ. ಆ ಒಂದು ದಿನ ಎಲ್ಲವನ್ನೂ ಸರಿ ಮಾಡಿಬಿಡುತ್ತದೆ.

ಹಾಗಂತ ಮನೆಯಲ್ಲೇ ಇದ್ದ ಮೂರು ವರ್ಷ ಸ್ವರ್ಗ ಅಂದುಕೊಳ್ಳಬೇಡಿ. ಮನೆಯಲ್ಲಿದ್ದಾಳೆ ಅಂದರೆ ಬಿಡುವಾಗಿದ್ದಾಳೆ ಅಂತಲೇ ಲೆಕ್ಕ. ಸಿಲಿಂಡರ್ ಬಂದರೆ ನಾನು. ಹನ್ನೊಂದು ಗಂಟೆಗೆ ದೇವಸ್ಥಾನದಿಂದ ನೆಂಟರು ಬಂದರೆ ಕಾಫಿಗೆ ನಾನು. 'ಒಂದು ನಿಮಿಷ ಕುಕ್ಕರ್ ನೋಡಮ್ಮ' ಅಂದರೂ ನಾನು. ಯಾರದ್ದೂ ಕೆಟ್ಟ ಮನಸ್ಸಲ್ಲ. ನಾನು ಕೂತಿರುವುದು ಅವರ ಕಣ್ಣಿಗೆ ಕೆಲಸದ ಹಾಗೆ ಕಾಣುತ್ತಿರಲಿಲ್ಲ, ಅಷ್ಟೇ. ಕೊನೆಗೆ ಒಂದು ಕೆಂಪು ದುಪಟ್ಟಾ ತೆಗೆದು ಕೋಣೆಯ ಚಿಲಕಕ್ಕೆ ಕಟ್ಟಿದೆ. ದುಪಟ್ಟಾ ಇದ್ದರೆ ಮೀಟಿಂಗ್, ಯಾರೂ ಬಾಗಿಲು ತಟ್ಟುವ ಹಾಗಿಲ್ಲ. ಎರಡು ವಾರ ಅತ್ತೆಗೆ ಬೇಸರ ಇತ್ತು. ಆಮೇಲೆ ಅವರೇ ಬಂದ ನೆಂಟರಿಗೆ 'ಶ್‌, ಕೆಂಪು ಕಟ್ಟಿದ್ದಾಳೆ' ಅನ್ನತೊಡಗಿದರು. ಇದನ್ನು ಮೊದಲ ವರ್ಷವೇ ಮಾಡಬೇಕಿತ್ತು.

ಒಂದು ಮಾತು ಮಾತ್ರ ಮನೆಯ ಪರವಾಗಿ ಹೇಳಲೇಬೇಕು. ನಮ್ಮ ಮಾವನವರು ಲಕ್ವ ಹೊಡೆದು ಎಂಟು ತಿಂಗಳು ಮಲಗಿದ್ದರು. ಮಧ್ಯಾಹ್ನದ ರಾಗಿ ಗಂಜಿಯನ್ನು ದಿನಾ ನಾನೇ ಕುಡಿಸಿದೆ. ಒಂದು ಚಮಚ, ಬಾಯಿ ಒರೆಸೋದು, ಮತ್ತೆ ಒಂದು ಚಮಚ. ಅರ್ಧ ಗಂಟೆ ಬೇಕಾಗುತ್ತಿತ್ತು. ಆ ಅರ್ಧ ಗಂಟೆ ಆಫೀಸಿನಲ್ಲಿದ್ದರೆ ಸಿಗುತ್ತಿರಲಿಲ್ಲ. ನಿಮ್ಮ ಅತ್ತೆಗೆ ಈಗ ಅಂಥ ಅಗತ್ಯ ಇದೆಯಾ, ಇಲ್ಲ ಮಧ್ಯಾಹ್ನ ಒಬ್ಬರು ಬಂದು ಹೋದರೆ ಸಾಕಾ? ಇದನ್ನು ಗಂಡನ ಜೊತೆ ಕೂತು ನೇರವಾಗಿ ಮಾತಾಡಿ.

ಅಶೋಕನಗರ, ಮಂಡ್ಯ

ನನಗೆ 25. ಮೊದಲ ಕೆಲಸವನ್ನು ಪೂರ್ತಿ ಮನೆ ಮಹಡಿಯ ಕೋಣೆಯಿಂದಲೇ ಮಾಡಿದೆ. ಎರಡು ವರ್ಷ. ಸಂಬಳ ಉಳಿಯಿತು, ಅಮ್ಮನ ಊಟ, ಎಲ್ಲ ಚೆನ್ನಾಗಿತ್ತು. ಆದರೆ ಕೆಲಸ ಕಲಿಯಲಿಲ್ಲ. ಒಂದು ಡೌಟ್ ಕೇಳಬೇಕು ಅಂದರೆ ಚಾಟ್‌ನಲ್ಲಿ ಟೈಪ್ ಮಾಡೋದು, ಇಷ್ಟು ಚಿಕ್ಕದನ್ನು ಕೇಳೋದಾ ಅಂತ ಅಳಿಸೋದು. ಈಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ, ಶುಕ್ರವಾರ ರಾತ್ರಿ ಊರಿಗೆ ಬರುತ್ತೇನೆ. ಪಕ್ಕದಲ್ಲಿ ಕೂತವರ ಸ್ಕ್ರೀನ್ ನೋಡಿಯೇ ಆರು ತಿಂಗಳಲ್ಲಿ ಎಷ್ಟೋ ಕಲಿತೆ. ಅಕ್ಕಾ, ನಿಮಗೆ ಹತ್ತು ವರ್ಷದ ಅನುಭವ ಇರುತ್ತದೆ, ನಿಮ್ಮ ಲೆಕ್ಕ ಬೇರೆ. ಆದರೆ ನನ್ನ ವಯಸ್ಸಿನವರು ಇದನ್ನು ಓದುತ್ತಿದ್ದರೆ, ಮೊದಲ ಎರಡು ವರ್ಷ ಆಫೀಸಿಗೆ ಹೋಗಿ.

ಬೈಕಿನಲ್ಲಿ ಓಡಾಡ್ತೀನಿ ಅನ್ನುವವರಿಗೆ: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್, ಆಟೋ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ದಿನಾ ಆಗುವ ಮಾತಲ್ಲ.

ಬೋಗಾದಿ, ಮೈಸೂರು

ನಾನು ಹನ್ನೊಂದು ಜನರ ಟೀಮ್ ನೋಡಿಕೊಳ್ಳುತ್ತೇನೆ. ಮೇಜಿನ ಆ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಹೋದ ವರ್ಷ ಒಂದು ಒಳ್ಳೆಯ ಪ್ರಾಜೆಕ್ಟ್ ಬಂತು. ಕ್ಯಾಂಟೀನಿನಲ್ಲಿ ಎದುರಿಗೆ ಕೂತಿದ್ದ ಇಬ್ಬರಿಗೆ ಕೊಟ್ಟುಬಿಟ್ಟೆ. ಅದಕ್ಕೆ ಎಲ್ಲರಿಗಿಂತ ಸರಿಯಾದವಳು ಹಾಸನದಿಂದ ಕೆಲಸ ಮಾಡುವ ಹುಡುಗಿ. ಅವಳ ಹೆಸರು ನನ್ನ ತಲೆಗೆ ಬರಲೇ ಇಲ್ಲ. ಒಂದು ತಿಂಗಳಾದ ಮೇಲೆ ಅವಳೇ ಮೆಲ್ಲಗೆ ಕೇಳಿದಾಗ ನನಗೆ ತುಂಬಾ ಬೇಜಾರಾಯಿತು. ಇದು ನನ್ನ ತಪ್ಪು.

ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಜೊತೆಯವರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯಲ್ಲಿ ಇದನ್ನೇ ಅಳೆದು ನೋಡಿದ್ದರು. ಒಂಬತ್ತು ತಿಂಗಳು ಮನೆಯಿಂದ ಮಾಡಿದವರ ಕೆಲಸ ಶೇ 13ರಷ್ಟು ಜಾಸ್ತಿಯಾಯಿತು, ಕೆಲಸ ಬಿಡುವವರು ಅರ್ಧಕ್ಕೆ ಇಳಿದರು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಬಡ್ತಿ ಸಿಗುವುದು ಕಡಿಮೆಯಾಯಿತು. ಒಂಟಿತನ ತಾಳದೆ ಮತ್ತೆ ಆಫೀಸಿಗೆ ಹೊರಟವರೂ ಬಹಳ. ಅದೇ ಕಂಪನಿಯಲ್ಲಿ ಆಮೇಲೆ 1,600ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಇನ್ನೊಂದು ಅಧ್ಯಯನ 2024ರಲ್ಲಿ ಬಂತು. ಅಲ್ಲಿ ವಾರಕ್ಕೆ ಎರಡು ದಿನ ಮನೆ, ಉಳಿದ ದಿನ ಆಫೀಸು. ಬಡ್ತಿಗೆ ಏನೂ ಪೆಟ್ಟಾಗಲಿಲ್ಲ, ಬಿಟ್ಟುಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು. ಅಂದರೆ ಮುಖ ಆಗಾಗ ಕಾಣುತ್ತಿರಬೇಕು, ದಿನಾ ಕಾಣಬೇಕಾಗಿಲ್ಲ.

ಆ ಚಿಕ್ಕ ಕಂಪನಿಗೆ ಎರಡು ಪ್ರಶ್ನೆ ಕೇಳಿ. ಎಲ್ಲರೂ ಮನೆಯಿಂದಲೇ ಮಾಡುತ್ತಾರಾ, ಇಲ್ಲ ನೀವೊಬ್ಬರೇನಾ? ಎಲ್ಲರೂ ಹೊರಗಿದ್ದರೆ ಮಾತುಕತೆ ಎಲ್ಲ ಬರವಣಿಗೆಯಲ್ಲಿ ನಡೆಯುತ್ತದೆ, ನಿಮಗೂ ತಲುಪುತ್ತದೆ. ನೀವೊಬ್ಬರೇ ಆದರೆ ಆ ಹಾಸನದ ಹುಡುಗಿಯ ಕತೆ. ಎರಡನೆಯದು, ಆಫರ್ ಲೆಟರ್‌ನಲ್ಲಿ ಕೆಲಸದ ಸ್ಥಳ ಅಂತ ಏನು ಬರೆಯುತ್ತಾರೆ? ಬಾಯಲ್ಲಿ 'ಮನೆಯಿಂದಲೇ' ಅಂದು ಕಾಗದದಲ್ಲಿ 'ಬೆಂಗಳೂರು' ಅಂತ ಇದ್ದರೆ, ಒಂದು ವರ್ಷ ಬಿಟ್ಟು ಇದೇ ಮೇಲ್ ಅಲ್ಲಿಂದಲೂ ಬರುತ್ತದೆ. ಆಗ ಕಡಿಮೆ ಸಂಬಳವೂ ನಿಮ್ಮದೇ, ಓಡಾಟವೂ ನಿಮ್ಮದೇ.

ನಿಮ್ಮ ಈಗಿನ ಮ್ಯಾನೇಜರ್ ಹತ್ತಿರ ಹೋಗುವಾಗ 'ನನಗೆ ಕಷ್ಟ' ಅಂತ ಶುರು ಮಾಡಬೇಡಿ. ಕಷ್ಟ ನಿಜವೇ, ಆದರೆ ಅವರ ಕೈಯಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ. 'ಮಂಗಳವಾರ, ಗುರುವಾರ ತಪ್ಪದೆ ಬರುತ್ತೇನೆ, ಮೂರು ತಿಂಗಳು ನೋಡಿ' ಅನ್ನಿ. ಗೊತ್ತಾದ ದಿನ ಇದ್ದರೆ ಮೇಲಿನವರನ್ನು ಒಪ್ಪಿಸುವುದು ನಮಗೂ ಸುಲಭ.

ಶ್ರೀರಂಗಪಟ್ಟಣ

ಹಣದ ಬಗ್ಗೆ ಎರಡು ಮಾತು. ಸಂಬಳ ಇಳಿದರೆ ಬೇಸಿಕ್ ಸಾಮಾನ್ಯವಾಗಿ ಇಳಿಯುತ್ತದೆ, ಅದರ ಶೇ 12ರ ಲೆಕ್ಕದಲ್ಲಿ ಕಂಪನಿ ಹಾಕುವ ಪಿಎಫ್ ಕೂಡ ಇಳಿಯಬಹುದು. ಅದಕ್ಕಿಂತ ದೊಡ್ಡದು ಆರೋಗ್ಯ ವಿಮೆ. ಈಗಿನ ಕಂಪನಿಯ ಪಾಲಿಸಿಯಲ್ಲಿ ಅತ್ತೆಯವರ ಹೆಸರು ಇದೆಯಾ ನೋಡಿ. ಕೆಲಸ ಬಿಟ್ಟರೆ ಆ ರಕ್ಷಣೆ ಹೋಗುತ್ತದೆ. ಶುಗರ್ ಇರುವವರಿಗೆ ಹೊಸದಾಗಿ ಪಾಲಿಸಿ ಮಾಡಿಸಲು ಹೋದಾಗ ನಮಗೆ ಆದ ಖರ್ಚು, ಓಡಾಟ ಎರಡೂ ಜಾಸ್ತಿ.

ಓಡಾಟದ ಖರ್ಚಿಗೆ ಅಷ್ಟು ಹೆದರಬೇಡಿ. ರೈಲಿನ ಮಾಸಿಕ ಪಾಸ್ 150 ಕಿಲೋಮೀಟರ್‌ವರೆಗೆ ಸಿಗುತ್ತದೆ, ಮಂಡ್ಯದಿಂದ ಬೆಂಗಳೂರು ನೂರರೊಳಗೇ ಇದೆ. ರೈಲು ತಪ್ಪಿದ ದಿನ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು ಹತ್ತಿ, ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಉಚಿತ. ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ ಕುಂದಲಹಳ್ಳಿಗೆ ನೇರ ಇದೆ, ಎಲ್ಲೂ ಬದಲಿಸಬೇಕಾಗಿಲ್ಲ.

ಮನೆಯಲ್ಲಿರುವ ದಿನಗಳಿಗೆ ವೈಫೈ ಪೆಟ್ಟಿಗೆಗೆ ಅಂತಲೇ ಬರುವ 12 ವೋಲ್ಟಿನ ಚಿಕ್ಕ ಯುಪಿಎಸ್ ತೆಗೆದುಕೊಳ್ಳಿ. ಏಪ್ರಿಲ್, ಮೇ ಸಂಜೆ ಗಾಳಿ ಮಳೆಗೆ ಕರೆಂಟ್ ಹೋದರೂ ಕಾಲ್ ಕಟ್ ಆಗುವುದಿಲ್ಲ.

ಕೇಳಿದವರು: ವಿದ್ಯಾನಗರ, ಮಂಡ್ಯ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಇಬ್ಬರ ಹತ್ತಿರವೂ ಮಾತಾಡಿದೆ. ಚಿಕ್ಕ ಕಂಪನಿಯಲ್ಲಿ ಉಳಿದ ಎಲ್ಲರೂ ಆಫೀಸಿಗೆ ಬರುತ್ತಾರಂತೆ, ಹೊರಗೆ ಇರುವವಳು ನಾನೊಬ್ಬಳೇ. ಅತ್ತೆಯನ್ನು ವಿಮೆಗೆ ಸೇರಿಸುವುದಿಲ್ಲ ಅಂದರು. ಅದನ್ನು ಬಿಟ್ಟೆ.

ನಮ್ಮ ಮ್ಯಾನೇಜರ್ ಎರಡು ದಿನಕ್ಕೆ ಮೂರು ತಿಂಗಳು ಒಪ್ಪಿದ್ದಾರೆ. ಬಾಯಲ್ಲಿ ಮಾತ್ರ. ಮೇಲ್‌ನಲ್ಲಿ ಬರೆದುಕೊಡಿ ಅಂತ ಇವತ್ತು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಗಂಡ ಆ ಎರಡು ದಿನ ಮಗಳನ್ನು ಕರೆತರುವುದು ನನ್ನದು ಅಂದಿದ್ದಾರೆ. ಈಗ ಇರುವ ಭಯ ಒಂದೇ. ಐದು ವರ್ಷದಿಂದ ರೈಲು ಹತ್ತಿಲ್ಲ. ಮಂಡ್ಯದಲ್ಲಿ ಬೆಳಗ್ಗೆ ಹತ್ತಲು ಜಾಗ ಇರುತ್ತದಾ?

ಸರಸ್ವತಿಪುರಂ, ಮೈಸೂರು

ಮಂಡ್ಯಕ್ಕೆ ಬರುವ ಹೊತ್ತಿಗೆ ಸೀಟು ತುಂಬಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹೆಂಗಸರ ಬೋಗಿಯಲ್ಲಿ ಸ್ವಲ್ಪ ಸರಿದು ನಾಲ್ಕನೆಯವರಿಗೆ ಜಾಗ ಮಾಡುವುದು ರೂಢಿ. ಸಂಜೆ ಬರುವಾಗ ಇನ್ನೂ ಚೆನ್ನ. ಅವರೆಕಾಯಿ ಕಾಲದಲ್ಲಿ ಕೆಂಗೇರಿ ದಾಟುತ್ತಿದ್ದ ಹಾಗೆ ಮಡಿಲ ಮೇಲೆ ಪೇಪರ್ ಹಾಸಿ ಕಾಯಿ ಸುಲಿಯಲು ಶುರು ಮಾಡುತ್ತಾರೆ. ಒಬ್ಬರ ಚೀಲದ ಕಾಯಿಗೆ ನಾಲ್ಕು ಜನರ ಕೈ. ಚನ್ನಪಟ್ಟಣ ಬರುವಷ್ಟರಲ್ಲಿ ಒಂದು ಡಬ್ಬಿ ಕಾಳು ಆಗಿರುತ್ತದೆ, ಬೋಗಿ ತುಂಬಾ ಸೊಗಡಿನ ವಾಸನೆ. ಮ್ಯಾನೇಜರ್ ಹತ್ತಿರ ಎರಡು ದಿನಕ್ಕೆ ಹೇಗೆ ಕೇಳಬೇಕು ಅಂತ ನನಗೆ ಹೇಳಿಕೊಟ್ಟದ್ದೂ ಹಾಗೆ ಕಾಳು ಬಿಡಿಸುತ್ತಿದ್ದ ಮದ್ದೂರಿನ ಒಬ್ಬರು.

ಮೇಲ್ ಬರದಿದ್ದರೆ ಎರಡು ದಿನ ಬಿಟ್ಟು ನೀವೇ ಬರೆದು ಕಳಿಸಿ: 'ನಾವು ಮಾತಾಡಿಕೊಂಡ ಹಾಗೆ ಮಂಗಳವಾರ, ಗುರುವಾರ ಬರುತ್ತೇನೆ' ಅಂತ. ಅವರು ಸರಿ ಅಂದರೂ ಸಾಕು.

ಮೊದಲ ಮಂಗಳವಾರ ಯಾವುದು ಅಂತ ತಿಳಿಸಿ. ನಾನು ಮೈಸೂರಲ್ಲೇ ಹತ್ತುವವಳು. ಪಕ್ಕದ ಸೀಟಿನ ಮೇಲೆ ಊಟದ ಬ್ಯಾಗ್ ಇಟ್ಟಿರುತ್ತೇನೆ.