ಸಹಾಯ ಬೇಕು: ನಮ್ಮ ಅತ್ತೆಯ ಮುತ್ತಜ್ಜನ ಊರು ಹುಡುಕಬೇಕು

ಎಲ್ಲರಿಗೂ ನಮಸ್ಕಾರ. ನಾನು ಮದುವೆಯಾಗಿ ಅಮೆರಿಕದ ನೆಬ್ರಾಸ್ಕಾ ರಾಜ್ಯಕ್ಕೆ ಬಂದವಳು. ನಮ್ಮ ಅತ್ತೆಗೆ ಈಗ 81 ವರ್ಷ. ಅವರ ಮುತ್ತಜ್ಜ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯವರು. ಯಾವ ಹಳ್ಳಿ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅತ್ತೆ ಗಟ್ಟಿಯಾಗಿರುವಾಗಲೇ ಹುಡುಕಿ ಹೇಳಬೇಕು ಅಂತ ನನ್ನ ಆಸೆ.

ಕೈಯಲ್ಲಿರುವುದು ಅವರ ಜಮೀನಿನ 1886ರ ಹಕ್ಕುಪತ್ರ ಒಂದೇ. ಇಲ್ಲೇ ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ 160 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸರ್ಕಾರಿ ಜಮೀನಿನಲ್ಲಿ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ ಅದು ಸ್ವಂತದ್ದಾಗುತ್ತಿತ್ತು. ಮರವೇ ಅಪರೂಪದ ಬಯಲು. ಹುಲ್ಲಿನ ಬೇರು ಸಮೇತ ಮಣ್ಣನ್ನು ಕತ್ತರಿಸಿ, ಇಟ್ಟಿಗೆ ಹಾಗೆ ಪೇರಿಸಿ ಗೋಡೆ ಎಬ್ಬಿಸುತ್ತಿದ್ದರು. ಅಂಥ ಮನೆಯಲ್ಲೇ ಅತ್ತೆಯ ಅಜ್ಜಿ ಹುಟ್ಟಿದ್ದಂತೆ. ಮಳೆ ಬಂದರೆ ಸೂರಿನಿಂದ ಕೆಸರು ಸುರಿಯುತ್ತಿತ್ತು ಅಂತ ಅತ್ತೆ ಈಗಲೂ ಹೇಳುತ್ತಾರೆ. ಊರು ಬಿಟ್ಟು ಬಂದು ಹಾಗೆ ಬದುಕು ಕಟ್ಟೋದು ಸುಲಭ ಅಲ್ಲ, ಅಲ್ವಾ?

ಹೊರದೇಶದವರಿಗೆ ಅಮೆರಿಕದ ಪೌರತ್ವ ಸಿಕ್ಕ ಮೇಲೇ ಹಕ್ಕುಪತ್ರ ಕೊಡುತ್ತಿದ್ದರು. ಪೌರತ್ವದ ಕಾಗದದ ನಕಲು, ನೆರೆಯವರ ಸಾಕ್ಷಿ ಹೇಳಿಕೆ ಇಂಥವನ್ನೆಲ್ಲ ಜಮೀನಿನ ಫೈಲಿನಲ್ಲಿ ಇಡುತ್ತಿದ್ದರು. ಆ ಫೈಲುಗಳು ವಾಷಿಂಗ್ಟನ್ ಡಿ.ಸಿ.ಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ (ಸರ್ಕಾರದ ಹಳೇ ದಾಖಲೆಗಳ ಭಂಡಾರ) ಇವೆ. ಅದರಲ್ಲಿ ಅವರ ಊರಿನ ಸುಳಿವು ಸಿಗಬಹುದು ಅಂತ ನನ್ನ ನಿರೀಕ್ಷೆ. 1890ರ ಜನಗಣತಿ ಬಹುಪಾಲು ಹಾಳಾಗಿರುವುದರಿಂದ ನಮಗೆ ಈ ಫೈಲೇ ಜಾಸ್ತಿ ಮುಖ್ಯ.

ವಾಷಿಂಗ್ಟನ್ ಹತ್ತಿರ ಇರುವವರು ಯಾರಾದರೂ ಅಲ್ಲಿಗೆ ಹೋಗಿ ಫೈಲ್ ತೆಗೆಸಿದ್ದೀರಾ? ಹಕ್ಕುಪತ್ರದಲ್ಲಿ ಜಮೀನು ಎಲ್ಲಿದೆ ಅಂತ ಗುರುತಿಸುವ ಸೆಕ್ಷನ್, ಟೌನ್‌ಶಿಪ್, ರೇಂಜ್ ನಂಬರ್ ಎಲ್ಲಾ ಇದೆ. ಯಾರ್ಕ್‌ಷೈರ್‌ನಲ್ಲಿರುವ ಕನ್ನಡಿಗರೇ, ಹಳೇ ಚರ್ಚ್ ದಾಖಲೆ ನೋಡಲು ಎಲ್ಲಿ ಕೇಳಬೇಕು? ಗೊತ್ತಿದ್ದವರು ದಯವಿಟ್ಟು ಮೆಸೇಜ್ ಮಾಡಿ. ನಕಲಿನ ಖರ್ಚು ನಾನೇ ಕೊಡುತ್ತೇನೆ.